ಕಾಲು ಮುರಿದ ಬೆಕ್ಕಿನ ಚೌಕಾಸಿ

ಹಳೆ ಸಾಮಾನಿನ ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರು ಮರ್ಫಿ ಟೌನಿನಲ್ಲೇ ಇಲ್ಲ ಎಂಬ ಜಂಬ ನನಗೆ ಬಹಳ ವರ್ಷ ಇತ್ತು. ನಮ್ಮ ಬೀದಿಯವರು ಮಿಕ್ಸಿ ಕೊಳ್ಳಲಿ, ಮಂಚ ಕೊಳ್ಳಲಿ, "ಬನ್ನಿ ಅಕ್ಕಾ, ನೀವಿದ್ರೆ ಅರ್ಧಕ್ಕೆ ಬರುತ್ತೆ" ಎಂದು ನನ್ನನ್ನು ಎಳೆದುಕೊಂಡು ಹೋಗುತ್ತಿದ್ದರು. ಭಾನುವಾರ ತಿಂಡಿ ಮುಗಿಸಿ ಶಿವಾಜಿನಗರದ ಗುಜರಿ ಗಲ್ಲಿ ಸುತ್ತದಿದ್ದರೆ ನನಗೆ ವಾರ ಕಳೆದ ಹಾಗೇ ಅನ್ನಿಸುತ್ತಿರಲಿಲ್ಲ.

ಅಲ್ಲಿ ನನ್ನ ಖಾಯಂ ಅಂಗಡಿ ಒಂದೇ. ಹಳೆ ಬೀರು, ಕುರ್ಚಿ, ಸೋಫಾ ಮಾರುವ ಒಬ್ಬ ಭಾಯ್. ನನಗಿಂತ ಹಿರಿಯರು, ಬಿಳಿ ಗಡ್ಡ, ಬಾಯಲ್ಲಿ ಸದಾ ಲವಂಗ. ಅವರು ಬೆಲೆ ಹೇಳಿದ ಕೂಡಲೇ ನಾನು ಬೆಕ್ಕಿನ ಕಥೆ ತೆಗೆಯುತ್ತಿದ್ದೆ. "ಭಾಯ್, ಮನೇಲಿ ಕಾಲು ಮುರಿದಿರೋ ಬೆಕ್ಕಿದೆ, ಆಪರೇಷನ್ ಮಾಡಿಸ್ಬೇಕು, ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ." ಆ ಕಾಲು ಕುರ್ಚಿ ಕೊಂಡಾಗಲೂ ಮುರಿದಿತ್ತು, ಟೇಬಲ್ ಫ್ಯಾನ್ ಕೊಂಡಾಗಲೂ ಮುರಿದಿತ್ತು, ಕನ್ನಡಿ ಕೊಂಡಾಗ ಮತ್ತೊಮ್ಮೆ ಮುರಿಯಿತು. ಇದನ್ನು ಸುಳ್ಳು ಅನ್ನಬೇಡಿ ಮತ್ತೆ. ಆ ಗಲ್ಲಿಯಲ್ಲಿ ನಿಂತು ನಿಜ ಹೇಳುವವರು ಯಾರಿದ್ದಾರೆ? ಅವರು "ಅಸಲೇ ಹುಟ್ಟಲ್ಲ ಅಮ್ಮಾ" ಎನ್ನುತ್ತಾರೆ, ನಾವು "ದುಡ್ಡೇ ಇಲ್ಲ ಭಾಯ್" ಎನ್ನುತ್ತೇವೆ. ಕೊನೆಗೆ ಭಾಯ್ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಹೋಗ್ಲಿ, ತಗೊಂಡೋಗಿ" ಎಂದುಬಿಡುತ್ತಿದ್ದರು. ನಾನು ಗೆದ್ದೆ ಎಂದು ಬೀಗುತ್ತಾ ಮನೆಗೆ ಬರುತ್ತಿದ್ದೆ.

ಬೆಕ್ಕುಗಳಂತೂ ನಿಜವಾಗಿಯೂ ಇದ್ದವು. ನಾನು ಫಾಸ್ಟರ್ ಮಾಡುವವಳು. ಅಂದರೆ ಬೀದಿಯಲ್ಲಿ ಬಿದ್ದ ಮರಿಗಳನ್ನೋ ಬಸುರಿ ಬೆಕ್ಕನ್ನೋ ತಂದು, ಹಾಲೂಡಿಸಿ, ಜಂತಿನ ಔಷಧಿ ಹಾಕಿಸಿ, ತಾಯಿಗೆ ಮತ್ತೆ ಮರಿಯಾಗದಂತೆ ಆಪರೇಷನ್ ಮಾಡಿಸಿ, ಸಾಕುವವರು ಸಿಗುವ ತನಕ ಇಟ್ಟುಕೊಳ್ಳುವುದು. ಆಮೇಲೆ ಕೊಟ್ಟುಬಿಡುವುದು. ಇಂದಿರಾನಗರದಿಂದ ಕಾರಿನಲ್ಲಿ ಬಂದು "ಬಿಳಿ ಮರಿ ಇಲ್ವಾ, ನೀಲಿ ಕಣ್ಣಿಂದು?" ಎಂದು ಕೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಸೀರೆ ಅಂಗಡಿ ಅಂದುಕೊಂಡಿದ್ದಾರಾ? ಅಂಥವರನ್ನು ಕಾಫಿ ಕೂಡ ಕೊಡದೆ ಕಳಿಸಿದ್ದೇನೆ.

ಆ ಸಲ ಬಂದಿದ್ದು ಹಲಸೂರು ಮಾರ್ಕೆಟ್ಟಿನ ಹಿಂದೆ ಕೆಡವುತ್ತಿದ್ದ ಒಂದು ಮಳಿಗೆಯಲ್ಲಿ ಸಿಕ್ಕ ತಾಯಿ ಬೆಕ್ಕು, ಜೊತೆಗೆ ಮೂರು ಮರಿ. ತಾಯಿಯದು ಕಪ್ಪು, ಕಂದು, ಬಿಳಿ ಮೂರೂ ಬಣ್ಣ ಕಲೆಸಿದ ಮೈ. ಹತ್ತಿರ ಹೋದರೆ ಬುಸ್ ಎನ್ನುತ್ತಿತ್ತು. ಮರಿಗಳು ಆಗಷ್ಟೇ ಕಣ್ಣು ಬಿಟ್ಟಿದ್ದವು. ಚಿಕ್ಕ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗೆ ಹಳೆ ಸೀರೆ ಹಾಸಿ ಇಟ್ಟೆವು. ನಮ್ಮಮ್ಮ ಬಾಗಿಲಲ್ಲಿ ನಿಂತು, "ಬೆಕ್ಕು ಮರಿಗಳನ್ನ ಏಳು ಮನೆ ತಿರುಗಿಸುತ್ತೆ ಕಣೇ, ಪೆಟ್ಟಿಗೇಲಿ ಇಟ್ಟ ಕಡೆ ಇರಲ್ಲ" ಎಂದಳು. ಅದಕ್ಕೇ ಭಾಯ್ ಅಂಗಡಿಯಲ್ಲಿದ್ದ ಜಾಲರಿ ಬಾಗಿಲಿನ ಬೀರುವಿನ ಮೇಲೆ ನನ್ನ ಕಣ್ಣು ಬಿತ್ತು. ಹಿಂದೆ ದಂಡಿನ ಬ್ರಿಟಿಷರ ಮನೆಗಳಲ್ಲಿ ಹಾಲು, ಮಾಂಸ ಇಡುತ್ತಿದ್ದಂಥದ್ದು. ಕೆಳಗಿನ ಖಾನೆಯಲ್ಲಿ ಮರಿಗಳು ಬೆಚ್ಚಗೆ ಇರಬಹುದು, ಗಾಳಿಯೂ ಆಡುತ್ತದೆ. ಚಿಕ್ಕ ಕೋಣೆಯಲ್ಲೇ ಇದ್ದ ನಮ್ಮ ಹಳೆ ಸೋಫಾ ಕೊಟ್ಟು ಬೀರು ತೆಗೆದುಕೊಳ್ಳುವುದು ಎಂದು ಮಾತಾಯಿತು. ಕಾಲು ಮುರಿದ ಬೆಕ್ಕು ಆ ದಿನವೂ ಕೆಲಸಕ್ಕೆ ಬಂತು.

ಮುಂದಿನ ಭಾನುವಾರ ಬೆಳಗ್ಗೆ ಗೂಡ್ಸ್ ಆಟೋ ಬೀರು ಇಳಿಸಿ, ಸೋಫಾ ಹೇರಿಕೊಂಡು ಹೋಯಿತು. ಗಲಾಟೆಗೆ ತಾಯಿ ಬೆಕ್ಕು ಅಟ್ಟ ಹತ್ತಿ ಕೂತಿತ್ತು. ಎಲ್ಲ ಮುಗಿದ ಮೇಲೆ ಮರಿಗಳನ್ನು ಬೀರುವಿಗೆ ಸೇರಿಸೋಣ ಎಂದು ಪೆಟ್ಟಿಗೆಯೊಳಗೆ ಕೈ ಹಾಕಿದೆ. ಎರಡೇ ಸಿಕ್ಕವು. ಸೀರೆ ಕೊಡವಿದೆ. ಮಂಚದ ಕೆಳಗೆ, ಚೀಲದ ಹಿಂದೆ, ಹೊಲಿಗೆ ಮೆಷಿನ್ನಿನ ಸಂದಿಯಲ್ಲಿ, ಎಲ್ಲೂ ಇಲ್ಲ. ಅಷ್ಟರಲ್ಲಿ ತಾಯಿ ಅಟ್ಟದಿಂದ ಧುಮುಕಿ, ಸೋಫಾ ಇದ್ದ ಜಾಗಕ್ಕೆ ಹೋಗಿ, ನೆಲದ ಮೇಲೆ ಉಳಿದಿದ್ದ ಧೂಳಿನ ಗುರುತನ್ನು ಮೂಸಿ ಮೂಸಿ ಕೂಗತೊಡಗಿತು.

ಅಮ್ಮ ನನ್ನ ಮುಖ ನೋಡಿದಳು. "ಮೊದಲನೇ ಮನೆ ಸೋಫಾನೇ ಆಗಿದ್ರೆ?"

ಅಯ್ಯೋ ದೇವರೇ. ಸೋಫಾದ ತಳದ ಬಟ್ಟೆ ಒಂದು ಕಡೆ ಹರಿದಿತ್ತು, ಅದು ನನಗೆ ಗೊತ್ತಿತ್ತು. ಭಾಯ್‌ಗೆ ಕಾಣದಿರಲಿ ಎಂದು ಆ ಕಡೆಯನ್ನು ಗೋಡೆಗೆ ತಿರುಗಿಸಿ ಫೋಟೋ ಕಳಿಸಿದ್ದವಳೇ ನಾನು.

ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಕೊನೆಗೆ ಎತ್ತಿದರು; ಹಿಂದೆ ಸುತ್ತಿಗೆಯ ಸದ್ದು, ಹಾರ್ನ್ ಸದ್ದು.

"ಭಾಯ್, ಆ ಸೋಫಾ ಮುಟ್ಟಬೇಡಿ! ಒಳಗೆ ಬೆಕ್ಕಿನ ಮರಿ ಇದೆ!"

"ಅರೆ, ಸೋಫಾ ಆಗಲೇ ಮಾರೋಯ್ತಮ್ಮಾ. ರಾಮಮೂರ್ತಿ ನಗರದ ಪಾರ್ಟಿ. ಔಷಧಿ ಹೊಡೆದು ಕಳಿಸೋದು ಅಷ್ಟೇ."

"ಭಾಯ್, ಮರಿ ಇದೆ ಅಂತ ಹೇಳ್ತಿದೀನಿ!"

ಅವರು ಗಹಗಹಿಸಿ ನಕ್ಕರು. "ಈ ಸಲ ಸೋಫಾ ಒಳಗಾ? ಕಾಲು ಮುರಿದಿದ್ಯಾ ಅದಕ್ಕೂ?" ಎಂದು ಇಟ್ಟುಬಿಟ್ಟರು. ಮತ್ತೆ ಎಷ್ಟು ಮಾಡಿದರೂ ಎತ್ತಲಿಲ್ಲ.

ಔಷಧಿ ಅಂದರೆ ತಿಗಣೆ ಔಷಧಿ. ಹಳೆ ಸೋಫಾ, ಹಾಸಿಗೆ ಮಾರುವ ಮುಂಚೆ ಪಂಪಿನಲ್ಲಿ ಸಂದಿ ಸಂದಿಗೂ ಹೊಡೆಯುತ್ತಾರೆ. ನಾನೇ ಎಷ್ಟೋ ಸಲ ಎದುರು ನಿಂತು "ತಳಕ್ಕೂ ಚೆನ್ನಾಗಿ ಹೊಡೀರಿ" ಎಂದು ಹೊಡೆಸಿಕೊಂಡು ಬಂದಿದ್ದೇನೆ. ಅಂಗೈ ತುಂಬದ ಮರಿ, ಅದರ ಮೂಗಿಗೆ ಆ ಘಾಟು ಹೋದರೆ ಮುಗಿಯಿತು.

"ತಾಯೀನೂ ಕರ್ಕೊಂಡೋಗು," ಎಂದಳು ಅಮ್ಮ. "ನೀನು ಕೂಗಿದ್ರೆ ಮರಿ ಓಗೊಡುತ್ತಾ? ಅದರಮ್ಮ ಕೂಗಬೇಕು."

ಅಮ್ಮ ಹೇಳಿದ್ದು ಸರಿ. ಹೆದರಿದ ಮರಿ ಉಸಿರೂ ಬಿಡದೆ ಕೂರುತ್ತದೆ, ತಾಯಿಯ ದನಿಗೆ ಮಾತ್ರ ಬಾಯಿ ತೆರೆಯುತ್ತದೆ. ಆದರೆ ಆ ಕಾಡು ಬೆಕ್ಕು ಶಿವಾಜಿನಗರದ ಜನಜಂಗುಳಿಯಲ್ಲಿ ಕೈತಪ್ಪಿದರೆ? ಇಲ್ಲಿರುವ ಎರಡೂ ಹಾಲಿಲ್ಲದೆ ಬಾಡುತ್ತವೆ. ಒಂದರ ಆಸೆಗೆ ಮೂರನ್ನೂ ಕಳೆದುಕೊಂಡ ಹಾಗೆ. ಫಾಸ್ಟರ್ ಮಾಡುವವರಿಗೆಲ್ಲ ನಾನೇ ಹೇಳುವ ಮೊದಲ ಪಾಠ, ಬೆಕ್ಕು ಒಯ್ಯುವ ಬುಟ್ಟಿಯನ್ನು ಬೀದಿಯಲ್ಲಿ ತೆರೆಯಬಾರದು ಎಂಬುದು. ಮೇಲಾಗಿ ನನ್ನ ಬುಟ್ಟಿಯೂ ಗುಜರಿ ಗಲ್ಲಿಯದೇ. ಅದರ ಪುಟ್ಟ ಬಾಗಿಲ ಚಿಲಕ ಮುರಿದಿದ್ದಕ್ಕೆ ಲಂಗದ ಲಾಡಿ ಕಟ್ಟಿದ್ದೆ. ಅಗ್ಗಕ್ಕೆ ಸಿಕ್ಕಿತೆಂದು ಕುಣಿದಿದ್ದೆ ಬೇರೆ.

ಟವೆಲ್ ಎಸೆದು ತಾಯಿಯನ್ನು ಹಿಡಿದೆ. ಮುಂಗೈ ಉದ್ದಕ್ಕೂ ಪರಚಿತು. ಲಾಡಿಗೆ ಗಂಟಿನ ಮೇಲೆ ಗಂಟು ಹಾಕಿ, ಆಟೋ ಹತ್ತಿದೆ. ಅಮ್ಮ ಉಳಿದ ಮರಿಗಳ ಪಕ್ಕ ಬಿಸಿನೀರಿನ ಬಾಟಲಿ ಇಟ್ಟುಕೊಂಡು ಕೂತಳು. ಹಲಸೂರು ಕೆರೆಯ ಪಕ್ಕದ ರಸ್ತೆಯಲ್ಲಿ ಟ್ರಾಫಿಕ್ಕು ನಿಂತೇ ಹೋಗಿತ್ತು. ಯಾರೋ ಮಹಾನುಭಾವ ನಡುರಸ್ತೆಯಲ್ಲಿ ಕಾರು ನಿಲ್ಲಿಸಿ ಎಳನೀರು ಕುಡಿಯುತ್ತಿದ್ದ. ಇಳಿದು ಹೋಗಿ ಅವನ ಕೈಯ ಎಳನೀರನ್ನು ಅವನ ತಲೆಗೇ ಹಾಕಬೇಕು ಅನ್ನಿಸಿತು. ಬುಟ್ಟಿಯಿಂದ ಮಾತ್ರ ಒಂದು ಸದ್ದೂ ಇಲ್ಲ. ಹೆದರಿ ಮುದ್ದೆಯಾಗಿತ್ತು.

ಗಲ್ಲಿಯಲ್ಲಿ ಓಡಿದೆ. ಭಾಯ್ ಅಂಗಡಿ ಮುಂದೆ ನಮ್ಮ ಸೋಫಾ ಬಿಸಿಲಲ್ಲಿ ನಿಂತಿತ್ತು. ಕೆಲಸದವನು ಮೂಗಿಗೆ ಕರ್ಚೀಫು ಕಟ್ಟಿಕೊಂಡು, ಔಷಧಿಯ ಪಂಪಿಗೆ ಗಾಳಿ ತುಂಬುತ್ತಿದ್ದ.

"ನಿಲ್ಲಿಸಪ್ಪಾ!" ಎಂದು ಕಿರುಚಿ ಸೋಫಾಕ್ಕೆ ಅಡ್ಡ ನಿಂತೆ.

ಭಾಯ್ ಕುರ್ಚಿಯಿಂದ ಎದ್ದು ಬಂದರು. "ಏನಮ್ಮಾ ಇದು? ಬೀಟೆ ಮರ ಅಂತ ಯಾರಾದ್ರೂ ಹೇಳಿದ್ರಾ? ಜಾಸ್ತಿ ರೇಟ್ ಕೊಡೋರು ಸಿಕ್ಕಿದ್ರಾ?"

"ಭಾಯ್, ದೇವರಾಣೆ, ಒಳಗೆ ಮರಿ ಇದೆ. ನೋಡಿ, ತಾಯೀನೇ ತಂದಿದೀನಿ." ಬುಟ್ಟಿ ಎತ್ತಿ ತೋರಿಸಿದೆ. ಕತ್ತಲೆ ಮೂಲೆಯಲ್ಲಿ ಒಂದು ಟವೆಲ್ಲು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಹಾಳಾದ್ದು ಒಂದು ಸಲ ಮಿಯಾಂವ್ ಅನ್ನಬಾರದೇ!

"ಪಾರ್ಟಿ ಕಾಯ್ತಿದ್ದಾರೆ, ಗಾಡಿ ಬರ್ತಿದೆ. ಕೊಟ್ಟ ಮಾಲು ವಾಪಸ್ ಕೇಳೋ ಪದ್ಧತಿ ಈ ಗಲ್ಲೀಲಿ ಇಲ್ಲ, ನಿಮಗೆ ಗೊತ್ತು."

ನನಗೆ ಅಳು ಬಂತು. ನಿಜವಾದ ಅಳು. ಆದರೆ ಆ ಅಂಗಡಿಯ ಮುಂದೆ ನಾನು ಹಿಂದೆಯೂ ಕಣ್ಣು ಒರೆಸಿಕೊಂಡಿದ್ದೆನಲ್ಲ, ಒಂದು ಟೀಪಾಯಿಗೆ. ಭಾಯ್ ಮುಖದಲ್ಲಿ ಅದೇ ನಗು ಇತ್ತು. ಕೆಲಸದವನು ಪಂಪು ಬೆನ್ನಿಗೇರಿಸಿಕೊಂಡು ಅವರ ಸನ್ನೆಗೆ ಕಾಯುತ್ತಿದ್ದ.

"ಅಷ್ಟು ಬೇಕಾದ್ರೆ ನೀವೇ ಕೊಂಡ್ಕೊಳ್ಳಿ," ಎಂದು ಭಾಯ್ ಒಂದು ಬೆಲೆ ಕೂಗಿದರು. ಹೊಸ ಸೋಫಾವೇ ಬರುವಂಥ ಬೆಲೆ. ಬೇಕೆಂದೇ ಕೂಗಿದ್ದು, ನಾನು ಬಾಯಿ ಮುಚ್ಚಿ ಹೋಗಲಿ ಎಂದು.

"ಆಯ್ತು," ಎಂದೆ.

"ಏನು ಆಯ್ತು?"

"ಕೊಡ್ತೀನಿ. ಅಷ್ಟೂ ಕೊಡ್ತೀನಿ. ಪಂಪು ಇಳಿಸಕ್ಕೆ ಹೇಳಿ."

ಭಾಯ್ ಮುಖದ ನಗು ಹೋಯಿತು. ಇಷ್ಟು ವರ್ಷದಲ್ಲಿ ಅವರು ಹೇಳಿದ ಮೊದಲ ಬೆಲೆಗೆ ನಾನು ಒಪ್ಪಿದ್ದೇ ಇಲ್ಲ. ಒಮ್ಮೆ ಮೊಳೆ ಕೊಂಡಾಗಲೂ ಇಲ್ಲ. ಅವರು ನನ್ನ ಮುಂಗೈಯ ರಕ್ತ ನೋಡಿದರು, ಬುಟ್ಟಿ ನೋಡಿದರು.

"ಯಾ ಅಲ್ಲಾಹ್," ಎಂದು ತಾವೇ ಪಂಪಿನ ಕೊಳವೆ ಕಿತ್ತುಕೊಂಡರು. ಆಮೇಲೆ ಗಲ್ಲಿಯ ಕಡೆ ತಿರುಗಿ "ಚುಪ್! ಎಲ್ಲಾ ಚುಪ್!" ಎಂದು ಗುಡುಗಿದರು. ಪಕ್ಕದ ಅಂಗಡಿಯ ಸುತ್ತಿಗೆ ನಿಂತಿತು. ಎದುರಿನವನು ರೇಡಿಯೋ ಆರಿಸಿದ. ದೂರದ ಬಸ್ಸಿನ ಹಾರ್ನ್ ಬಿಟ್ಟರೆ ಗಲ್ಲಿ ನಿಶ್ಶಬ್ದವಾಯಿತು.

ನಾನು ಮಂಡಿಯೂರಿ ಬುಟ್ಟಿಯನ್ನು ಸೋಫಾದ ಹರಿದ ತಳಕ್ಕೆ ಒತ್ತಿ ಹಿಡಿದೆ. ಏನೂ ಇಲ್ಲ. ತಡವಾಯಿತೇನೋ, ಹಗ್ಗ ಬಿಗಿದಾಗ ಎಲ್ಲಾದರೂ ನಜ್ಜುಗುಜ್ಜಾಯಿತೇನೋ ಎಂದುಕೊಂಡೆ. ಆಗ ಟವೆಲ್ಲು ಅಲುಗಾಡಿತು. ತಾಯಿ ಮೂಗು ಮುಂದೆ ಮಾಡಿ ಮೂಸಿತು. ಗಂಟಲಲ್ಲೇ, ಮರಿಗಳ ಹತ್ತಿರ ಮಾತ್ರ ಮಾತಾಡುವ ದನಿಯಲ್ಲಿ, ಒಂದೇ ಒಂದು ಸಲ ಕರೆಯಿತು.

ಸೋಫಾದ ಕೈಯೊಳಗಿನಿಂದ, ಎಲ್ಲೋ ಆಳದಿಂದ, "ಮೀ" ಎಂದು ಎಳೆ ದನಿ ಬಂತು.

"ಇದೆ!" ಎಂದರು ಭಾಯ್, ಪಿಸುಮಾತಿನಲ್ಲಿ.

ಅಷ್ಟೇ. ತಾಯಿ ಬಾಗಿಲಿಗೆ ಗುದ್ದಿತು, ಲಾಡಿ ಕಿತ್ತು ಬಂತು, ಬೆಕ್ಕು ಹೊರಗೆ. ಎಡಕ್ಕೆ ರಸ್ತೆ, ಬಲಕ್ಕೆ ಮಟನ್ ಅಂಗಡಿಯ ನಾಯಿಗಳು. ಬೆಕ್ಕು ಒಂದು ಕ್ಷಣ ನೆಲಕ್ಕೆ ಅಂಟಿಕೊಂಡು ಎರಡೂ ಕಡೆ ನೋಡಿತು. ಯಾರೂ ಅಲುಗಾಡಲಿಲ್ಲ. ಮತ್ತೊಮ್ಮೆ "ಮೀ" ಕೇಳಿಸಿತು. ಬೆಕ್ಕು ತಿರುಗಿ, ಹರಿದ ಬಟ್ಟೆಯ ತೂತಿನೊಳಗೆ ನುಗ್ಗಿತು. ಭಾಯ್ ಅಂಗಡಿಯೊಳಗಿಂದ ಬೆಡ್‌ಶೀಟ್ ತಂದು ಆ ತೂತಿಗೆ ಮುಚ್ಚಿ, ಸುತ್ತ ಹಗ್ಗ ಬಿಗಿದರು.

ಒಳಗಿದ್ದವರನ್ನು ಹೊರಗೆಳೆಯುವ ಧೈರ್ಯ ನಮಗಿಬ್ಬರಿಗೂ ಇರಲಿಲ್ಲ. ಅದೇ ಗೂಡ್ಸ್ ಆಟೋದಲ್ಲಿ ಸೋಫಾ ಹಾಗೇ ಮರ್ಫಿ ಟೌನಿಗೆ ವಾಪಸಾಯಿತು. ರಾಮಮೂರ್ತಿ ನಗರದ ಪಾರ್ಟಿಗೆ ಭಾಯ್ ಫೋನಿನಲ್ಲಿ "ಸಾರಿ ಸಾರ್, ಅದ್ರೊಳಗೆ ಫ್ಯಾಮಿಲಿ ಇದೆ" ಎನ್ನುವುದು ಕೇಳಿಸಿತು. ಚಿಕ್ಕ ಕೋಣೆಯಲ್ಲಿ ಸೋಫಾ ಇಳಿಸಿ, ಬೆಡ್‌ಶೀಟ್ ಬಿಚ್ಚಿ, ಬಾಗಿಲು ಹಾಕಿ ಸಂದಿಯಿಂದ ನೋಡುತ್ತಾ ಕೂತೆವು. ತಾಯಿ ಮರಿಯ ಕತ್ತು ಕಚ್ಚಿಕೊಂಡು ಹೊರಗೆ ಬಂತು. ಕೋಣೆಯೆಲ್ಲ ಒಮ್ಮೆ ನೋಡಿ, ಆ ಚಂದದ ಜಾಲರಿ ಬೀರುವಿಗೆ ಬೆನ್ನು ತೋರಿಸಿ, ರಟ್ಟಿನ ಪೆಟ್ಟಿಗೆಗೇ ಹೋಗಿ ಮಲಗಿತು. ಮೂರೂ ಮರಿ ಹಾಲಿಗೆ ಬಾಯಿ ಹಾಕಿದವು. ಅಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ.

ಮಾರನೆಯ ಭಾನುವಾರ ದುಡ್ಡು ತೆಗೆದುಕೊಂಡು ಹೋದೆ. ಮಾತೆಂದರೆ ಮಾತು, ಭಾಯ್ ಕೂಗಿದ್ದ ಬೆಲೆ, ಪೂರ್ತಿ. ಅವರು ಅದನ್ನು ಮುಟ್ಟಲಿಲ್ಲ. ಮೊದಲು ನನ್ನ ಫೋನಿನಲ್ಲಿದ್ದ ಮರಿಗಳ ಫೋಟೋ ನೋಡಿದರು, ಪಕ್ಕದ ಅಂಗಡಿಯವರಿಗೂ ತೋರಿಸಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಹಂಗಾದ್ರೆ ಆ ಕಾಲು ಮುರಿದ ಬೆಕ್ಕು?"

"ಬೆಕ್ಕು ನಿಜ ಭಾಯ್. ಕಾಲು ಸುಳ್ಳು."

"ನಾನು ಬೆಕ್ಕೇ ಸುಳ್ಳು ಅಂದ್ಕೊಂಡಿದ್ದೆ."

ನನಗೆ ಅರ್ಥವಾಗಲಿಲ್ಲ. "ಮತ್ತೆ ಪ್ರತಿ ಸಲ ಯಾಕೆ ಕಮ್ಮಿ ಮಾಡ್ತಿದ್ರಿ?"

ಭಾಯ್ ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು. "ಇಲ್ಲದ ಬೆಕ್ಕಿನ ಹೆಸರು ಹೇಳ್ಕೊಂಡು ಬರ್ತಾರೆ ಅಂದ್ರೆ ಮನೇಲಿ ಎಷ್ಟು ಕಷ್ಟ ಇರ್ಬೇಕು? ತಮಗೇ ಅಂತ ಕೇಳಕ್ಕೆ ನಾಚ್ಕೆ, ಪಾಪ ಅಂದ್ಕೊಂಡಿದ್ದೆ. ನಮ್ಮ ಮನೆಯವರಿಗೂ ಹೇಳಿದ್ದೆ. ಆಯಮ್ಮ ಬಂದ್ರೆ ಜಾಸ್ತಿ ಎಳೀಬೇಡಿ ಅಂತ ಅವರೇ ಹೇಳ್ತಿದ್ರು."

ಕಿವಿಯ ತುದಿಯ ತನಕ ಬಿಸಿಯಾಯಿತು. ನಮ್ಮ ಮನೆಯ ಕುರ್ಚಿ, ಟೇಬಲ್ ಫ್ಯಾನು, ಕನ್ನಡಿ, ಟೀಪಾಯಿ, ನಾನು ಬೀದಿಯವರಿಗೆಲ್ಲ ತೋರಿಸಿ ಕೊಚ್ಚಿಕೊಂಡ ಒಂದೊಂದು ಸಾಮಾನೂ ಕಣ್ಣ ಮುಂದೆ ಬಂತು. ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

"ನಮಗೆ ಅಂಥ ಕಷ್ಟ ಏನೂ ಇಲ್ಲ ಭಾಯ್," ಎಂದೆ.

"ಇಲ್ವಾ? ನಿಜವಾಗ್ಲೂ?"

"ಇಲ್ಲ."

"ಅಲ್‌ಹಮ್ದುಲಿಲ್ಲಾಹ್," ಎಂದು ದೇವರನ್ನು ಕೊಂಡಾಡಿದರು ಭಾಯ್, ಮುಖವೆಲ್ಲ ಅರಳಿಸಿಕೊಂಡು. ಆಮೇಲೆ ನಾನು ಚಾಚಿದ್ದ ದುಡ್ಡನ್ನು ತೆಗೆದುಕೊಂಡು, ಎಣಿಸದೆ, ಅಷ್ಟನ್ನೂ ಜೇಬಿಗೆ ಹಾಕಿಕೊಂಡರು.