ಮೂಡಲಿಗೆ ಮುಖ ಮಾಡಿಸುವ ಚೌರಪ್ಪ

ಮಂಜು ಇನ್ನೂ ಹರಿದಿಲ್ಲ. ಮರಳವಾಡಿ ಕಡೆಯ ಮೊದಲ ಬಸ್ಸಿನ ಸದ್ದು ಕೇಳುವಷ್ಟರಲ್ಲಿ ಚೌರಪ್ಪ ಎರಡು ಸಾಲು ಸಮಾಧಿಗಳ ಹುಲ್ಲು ಕೆತ್ತಿ ಮುಗಿಸಿದ್ದಾರೆ. ನಾಳೆ ಕಲ್ಲರೆ ಹಬ್ಬ. ಊರಿನ ಕ್ರೈಸ್ತರು ತೀರಿಕೊಂಡವರನ್ನು ನೆನೆದು ಸಮಾಧಿಗಳ ಮೇಲೆ ಚೆಂಡುಹೂ ಹರಡಿ ಮೇಣದಬತ್ತಿ ಹಚ್ಚುವ ದಿನ. ಹಬ್ಬ ಊರಿಗೆ, ಬೆವರು ಮಾತ್ರ ಚೌರಪ್ಪನವರಿಗೆ.

ಅರವತ್ತು ದಾಟಿದ ಇವರು ಈ ಕಲ್ಲರೆಯಲ್ಲಿ, ಅಂದರೆ ಕ್ರೈಸ್ತರ ಸ್ಮಶಾನದಲ್ಲಿ, ಗುಂಡಿ ತೋಡುವವರು. ಹಾರೆ, ಗುದ್ದಲಿ ಎರಡೂ ತಂದೆ ಇನ್ನಾಸಪ್ಪನ ಕಾಲದವು. ಮೇಲೆ ಮೊಳದಷ್ಟು ಕೆಮ್ಮಣ್ಣು, ಅದರ ಕೆಳಗೆ ಹಾರೆಗೂ ಜಗ್ಗದ ನೆಲ. ಸಾವಿಲ್ಲದ ದಿನಗಳಲ್ಲಿ ಹಿಪ್ಪುನೇರಳೆ ತೋಟಗಳಲ್ಲಿ ಸೊಪ್ಪು ಕೊಯ್ಯುವ ಕೂಲಿ. ಮದುವೆಗೆ ಕರೆಯಲು ಮರೆಯುವ ಊರು ಸಾವಿನ ಹೊತ್ತಿಗೆ ಮೊದಲು ತಟ್ಟುವುದು ಇವರ ಬಾಗಿಲನ್ನೇ. ಅದಕ್ಕೆ ಇವರಿಗೆ ಬೇಸರವೂ ಇಲ್ಲ.

ಗುಂಡಿಗೆ ಮುಂಚೆ ಇವರು ದಿಕ್ಕು ನೋಡಿ ಅಳತೆಯ ಹಗ್ಗ ಹಿಡಿಯುತ್ತಾರೆ. ತಲೆ ಪಡುವಲಿಗೆ, ಕಾಲು ಮೂಡಲಿಗೆ. ಏಸುಸ್ವಾಮಿ ಮೂಡಲಿಂದ ಬಂದು ಎಬ್ಬಿಸುವ ದಿನ ಎದ್ದು ಕೂತವರ ಕಣ್ಣಿಗೆ ನೇರ ಅವರೇ ಕಾಣಬೇಕು ಎಂಬುದು ಅಪ್ಪ ಹೇಳಿಕೊಟ್ಟ ಪಾಠ.

"ಹೊಸಾ ಆಕಾಶ, ಹೊಸಾ ಭೂಮಿ ಬತ್ತದೆ ಅಂತ ಪ್ರವಾದಿಗಳು ಹೇಳವ್ರೆ. ದೇವ್ರು ಈ ಭೂಮಿನೇ ಬಿಸಾಕ್ಬುಟ್ಟು ಇನ್ನೊಂದು ತತ್ತಾನೆ ಅಂತ ನಂಗೇನೂ ಅನ್ಸಲ್ಲ," ಎನ್ನುತ್ತಾರೆ ಚೌರಪ್ಪ, ಗುದ್ದಲಿಗೆ ಅಂಟಿದ ಮಣ್ಣು ಕೆರೆಯುತ್ತ. "ರೇಷ್ಮೆಹುಳ ಜ್ವರಕ್ಕೆ ಕೂತಾಗ ನೋಡಿದೀರಾ? ಸೊಪ್ಪು ಮುಟ್ಟಲ್ಲ, ಅಲ್ಲಾಡಲ್ಲ, ಸತ್ತಂಗೇ ಇರ್ತದೆ. ಪೊರೆ ಬುಟ್ಟು ಎದ್ಮೇಲೆ ಅದೇ ಹುಳ, ಆದ್ರೆ ಹೊಸಾದು. ಇಲ್ಲಿ ಮಲಗಿರೋರೂ ಹಂಗೇಯ."

ಎಲ್ಲ ಸಾಲುಗಳೂ ನೆಟ್ಟಗಿವೆ. ಬೇಲಿಯ ಪಕ್ಕದ ಒಂದು ಸಮಾಧಿ ಮಾತ್ರ ಅಡ್ಡಕ್ಕಿದೆ. ಅದು ಚೌರಪ್ಪನವರ ಹೆಂಡತಿ ಆರೋಗ್ಯಮ್ಮನದು.

ಮೂರು ವರ್ಷದ ಹಿಂದೆ ಆಕೆ ತೀರಿಕೊಂಡ ಬೆಳಗ್ಗೆ ಊರಿಗೆಲ್ಲ ಗುಂಡಿ ತೋಡಿದ ಕೈಗೆ ಹಾರೆ ಎತ್ತಲು ಆಗಲಿಲ್ಲ. ಹುಡುಗರೆಲ್ಲ ಹಾರೋಹಳ್ಳಿಯ ಫ್ಯಾಕ್ಟರಿಗಳಿಗೆ ಹೋಗಿದ್ದರು. ಆಗ ಬಂದವರು ಕೆಂಪರಾಜು. ಚೌರಪ್ಪ ಸೊಪ್ಪು ಕೊಯ್ಯುವ ತೋಟದ ಯಜಮಾನ, ಒಕ್ಕಲಿಗರು, ಆರೋಗ್ಯಮ್ಮನನ್ನು ಬಾಯಿ ತುಂಬ ಅಕ್ಕ ಎನ್ನುತ್ತಿದ್ದವರು. ತಮ್ಮಂದಿರನ್ನು ಕಟ್ಟಿಕೊಂಡು ಬಂದು ಗೋಡೆ ಕಟ್ಟಿದ ಹಾಗೆ ಅಚ್ಚುಕಟ್ಟಾಗಿ ಗುಂಡಿ ತೋಡಿದರು. ಆದರೆ ತೋಡಿದ್ದು ತಮ್ಮ ಹಿರಿಯರನ್ನು ಮಣ್ಣು ಮಾಡುವ ಹಾಗೆ, ತಲೆ ತೆಂಕಲಿಗೆ, ಕಾಲು ಬಡಗಲಿಗೆ.

ಚೌರಪ್ಪ ಅದನ್ನು ಕಂಡಿದ್ದು ಪೆಟ್ಟಿಗೆ ಗುಂಡಿಯ ಅಂಚಿಗೆ ಬಂದಾಗ. "ಬಾಯ್ಬುಟ್ಟಿದ್ರೆ ಅವನ ಮುಖ ಏನಾಗೋದು? ಅಳ್ತಾ ಅಳ್ತಾ ತೋಡಿದ್ದ," ಎನ್ನುತ್ತಾರೆ. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಅಂದಿನಿಂದ ಒಂದೇ ಸಂಕಟ. ಹೊಸ ಲೋಕದ ಬೆಳಗಿನಲ್ಲಿ ಎಲ್ಲರೂ ಸ್ವಾಮಿಯನ್ನು ನೋಡುವಾಗ ತನ್ನ ಹೆಂಡತಿಯೊಬ್ಬಳೇ ಬಡಗಲ ಬೇಲಿ ನೋಡುತ್ತ ಕೂತುಬಿಟ್ಟರೆ?

ಹೋದ ತಿಂಗಳು ಮಳೆಗೆ ಸಮಾಧಿಗಳು ಕುಸಿದಿದ್ದವು. ಕೆಂಪರಾಜು ಒಂದು ಟ್ರ್ಯಾಕ್ಟರ್ ಮಣ್ಣು ತಂದರು. ಮಣ್ಣು ಸುರಿದು ಬೆವರು ಒರೆಸಿಕೊಳ್ಳುತ್ತ ಸುತ್ತ ನೋಡಿದವರು, "ಎಲ್ರೂ ಹಿಂಗೆ ಮಲಗವ್ರೆ, ಅಕ್ಕ ಯಾಕಣ್ಣ ಅಡ್ಡ?" ಎಂದು ಕೇಳಿಬಿಟ್ಟರು.

"ಜಾಗ ಸಾಲ್ದೇ ಬಂತು ಕಣಪ್ಪ," ಎಂದರಂತೆ ಚೌರಪ್ಪ. ಸುತ್ತ ಎಮ್ಮೆ ಮೇಯುವಷ್ಟು ಬಯಲು ಬಿದ್ದಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಸುಳ್ಳು ಹೀಗೇ. ಕೆಂಪರಾಜು ಸಾಲುಗಳನ್ನೊಮ್ಮೆ ನೋಡಿದರು, ತಮ್ಮ ಕೈಗಳನ್ನೊಮ್ಮೆ ನೋಡಿದರು. ಎಲ್ಲ ತಿಳಿಯಿತು. "ಅಗೆದು ತಿರುಗಿಸಿ ಮಲಗಿಸ್ತೀನಿ, ಅಪ್ಪಣೆ ಕೊಡ್ಸಿ," ಎನ್ನಲು ನೆಟ್ಟಗೆ ಚರ್ಚಿನ ಗುರುಗಳ ಮನೆಗೆ ನಡೆದರು. "ಬ್ಯಾಡ ಕಣಪ್ಪ, ಅವ್ಳ ನಿದ್ದೆ ಕೆಡಿಸ್ಬ್ಯಾಡ," ಎನ್ನುತ್ತ ಚೌರಪ್ಪ ಹಿಂದೆ ಓಡಿದರು.

ಗುರುಗಳು ಇಬ್ಬರ ಮಾತೂ ಕೇಳಿದರು. ನಗಲಿಲ್ಲ. "ಚೌರಪ್ಪನವರೇ, ಆ ಹೊಸ ಲೋಕದಲ್ಲಿ ಸೂರ್ಯನೇ ಬೇಕಾಗಲ್ಲ, ದೇವರೇ ಬೆಳಕು ಅಂತ ಅಲ್ವಾ ನಾವು ನಂಬೋದು? ಸೂರ್ಯನೇ ಬೇಡದ ಕಡೆ ಮೂಡಲು ಯಾವುದು, ಬಡಗಲು ಯಾವುದು?" ಎಂದರು.

ಎಷ್ಟೋ ಜನರನ್ನು ಮಣ್ಣು ಮಾಡುವಾಗ ಗುದ್ದಲಿ ಊರಿ ನಿಂತು ಕೇಳಿದ ಮಾತೇ ಅದು. ಅದು ತನ್ನ ಮನೆಯ ಸಾವಿಗೂ ಸೇರಿದ್ದು ಎಂದು ಮಾತ್ರ ಹೊಳೆದಿರಲಿಲ್ಲ. ಚೌರಪ್ಪ ಅಲ್ಲೇ ಜಗಲಿಯ ಮೇಲೆ ಕೂತು ಅತ್ತರು. ಮೂರು ವರ್ಷದಲ್ಲಿ ಮೊದಲ ಸಲ ಹಗುರಾಗಿ ಅತ್ತರು. ಕೆಂಪರಾಜು ಪಕ್ಕದಲ್ಲೇ ಕೂತಿದ್ದರು. ಆಮೇಲೆ ಇಬ್ಬರೂ ಹೋಗಿ ಟೀ ಕುಡಿದರಂತೆ.

ಹಾಗೆಂದು ಹಗ್ಗ ಬಿಟ್ಟಿಲ್ಲ. ಮೊನ್ನೆ ತೋಡಿದ ಗುಂಡಿಯೂ ಮೂಡಲಿಗೇ ಇದೆ. "ನಮ್ಮ ಕೈಲಿ ಆಗೋದು ನಾವು ಮಾಡ್ಬೇಕು. ಒಸಿ ಹೆಚ್ಚು ಕಮ್ಮಿ ಆದ್ರೆ ಆ ದೇವ್ರು ನೋಡ್ಕೊತ್ತಾನೆ," ಎನ್ನುತ್ತಾರೆ.

ಮಂಜು ಹರಿದು ಬಿಸಿಲು ಬೀಳುತ್ತದೆ. ಆರೋಗ್ಯಮ್ಮನ ಪಕ್ಕದ ಖಾಲಿ ಜಾಗದ ಹುಲ್ಲನ್ನೂ ಚೌರಪ್ಪ ಕೆತ್ತಿ ಚೊಕ್ಕ ಮಾಡುತ್ತಾರೆ. ಅದು ಯಾರಿಗೆ ಎಂದು ಕೇಳಬೇಕಾಗಿಲ್ಲ.

"ನಂದೂ ಕೆಂಪರಾಜೇ ತೋಡ್ಲಿ ಅಂತ ಹೇಳಿವ್ನಿ. ಅಡ್ಡಕ್ಕೇ ತೋಡ್ಲಿ, ಅವ್ಳ ಪಕ್ಕದಲ್ಲೇ. ಎದ್ದ ಮೇಲೆ ಇಬ್ರೂ ಒಟ್ಗೇ ಕತ್ತು ತಿರುಗಿಸಿ ನೋಡಿದ್ರಾಯ್ತು."