ಗುಡ್ಡಮ್ಮನ ಲೋಟಕ್ಕೆ ಒಂದು ಕಾಲಿನ ಚಪ್ಪಲಿ

ಹಕ್ಕಿಗಳ ಕೆರೆಯಿರುವ ಗುಡವಿಯ ಹತ್ತಿರದ ನಮ್ಮೂರಲ್ಲಿ ಮದುವೆಯೋ ತಿಥಿಯೋ, ಊರಿನ ಪಾತ್ರೆ ಬೇಕೆಂದರೆ ಗುಡ್ಡಮ್ಮನ ಬಾಗಿಲಿಗೇ ಹೋಗಬೇಕು. ಹಂಡೆ, ಕೊಳಗ, ರಾಶಿ ರಾಶಿ ಸ್ಟೀಲ್ ಲೋಟ, ಎಲ್ಲ ಅವಳ ಅಟ್ಟದ ಮೇಲೆ. ಬಾಡಿಗೆ ಇಲ್ಲ. ಆದರೆ ಒಯ್ಯುವವರು ತಮ್ಮ ಮನೆಯ ಕುಡುಗೋಲನ್ನು ಅವಳಲ್ಲಿ ಅಡ ಇಟ್ಟು ಹೋಗಬೇಕು. ಕುಡುಗೋಲಿಲ್ಲದೆ ದನಕ್ಕೆ ಹುಲ್ಲಿಲ್ಲ, ಹಾಗಾಗಿ ಪಾತ್ರೆ ಮರುದಿನವೇ ವಾಪಸ್. ಬಾಯಿ ಜೋರಿನ ಹೆಂಗಸು, ನಿಜ. ಆದರೆ ಇಷ್ಟು ವರ್ಷದಲ್ಲಿ ಒಂದು ಸೌಟೂ ಕಳೆದಿಲ್ಲ ಎಂಬುದು ಅವಳ ಜಂಬ.

ಹೋದ ವರ್ಷ ಊರ ಪಕ್ಕದ ಬಯಲಿನಲ್ಲಿ ದೊಡ್ಡ ಸಂಗೀತೋತ್ಸವ ನಡೆಯಿತು. ಹಾಡು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಬೆಳಿಗ್ಗೆ ನೋಡಿದರೆ ಬಯಲು ತುಂಬ ಪ್ಲಾಸ್ಟಿಕ್ ಲೋಟ. ಗುಡ್ಡಮ್ಮನ ಹಸು ಅದನ್ನೇ ಮೆದ್ದು ಹೊಟ್ಟೆ ಉಬ್ಬರಿಸಿಕೊಂಡಿತು. ದನದ ಡಾಕ್ಟರು ಬಂದು ಉಳಿಸಿದರು. ಹಾಗಾಗಿ ಈ ಸಲ ಉತ್ಸವದ ಉಸ್ತುವಾರಿಯ ಹುಡುಗ, ಶಿಕಾರಿಪುರದ ಹೇಮಂತ್, ಅಂಗಳಕ್ಕೆ ಕಾಲಿಟ್ಟ ಕೂಡಲೇ ಅವಳು ಬೈಗುಳ ಶುರು ಮಾಡಿದಳು.

“ಅದಕ್ಕೇ ಬಂದೀನ್ರೀ ಅಮ್ಮಾ. ಈ ಸಲ ಪ್ಲಾಸ್ಟಿಕ್ ಒಂದೂ ಬ್ಯಾಡ ಅಂತ ಮಾಡೀವಿ. ನಿಮ್ಮ ಲೋಟ ಕೊಡ್ರಿ” ಅಂದ ಅವನು.

ಗುಡ್ಡಮ್ಮ ಅಟ್ಟದ ಕಡೆ ನೋಡಿದಳು. ಉತ್ಸವದ ಮರುದಿನವೇ ಮಗಳು ಶಶಿರೇಖಾಳ ಮದುವೆ. ಲೋಟ ಬಾರದಿದ್ದರೆ ನೆಂಟರಿಗೆ ಕಾಫಿ ಕೊಡುವುದು ಯಾವುದರಲ್ಲಿ? ಊರಿಗೆ ಮುಖ ತೋರಿಸುವುದು ಹೇಗೆ? ಆಮೇಲೆ ಕೊಟ್ಟಿಗೆಯ ಹಸುವಿನ ಕಡೆ ನೋಡಿದಳು.

“ಕೊಡ್ತೀನಿ ತಮ್ಮಾ. ಆದ್ರೆ ಕುಡಿಯೋರೆಲ್ಲ ಕುಡುಗೋಲು ಇಡ್ಬೇಕು.”

“ಹಾಡು ಕೇಳಾಕೆ ಬರೋರು ಕುಡುಗೋಲು ಎಲ್ಲಿಂದ ತರ್ತಾರ್ರೀ?”

“ಹಂಗಾರೆ ಒಂದು ಕಾಲಿನ ಚಪ್ಪಲಿ ಇಡ್ಲಿ. ಒಂಟಿ ಚಪ್ಪಲೀಲಿ ಯಾರು ಮನೆಗೆ ಹೋಗ್ತಾರೆ ನೋಡಣ.”

ಉತ್ಸವದ ದಿನ ಕಾಫಿ ಅಂಗಡಿ ಮುಂದೆ ಹುಡುಗ ಹುಡುಗಿಯರು ಕಿಸಿಕಿಸಿ ನಕ್ಕು ಹಿಂಜರಿದರು. ಗುಡ್ಡಮ್ಮ ತಾನೇ ಮೊದಲು ಎಡಗಾಲಿನ ಚಪ್ಪಲಿ ಬಿಚ್ಚಿಟ್ಟು ಕಾಫಿ ಕುಡಿದು ತೋರಿಸಿದಳು. ಆಮೇಲೆ ಸಾಲು ಕರಗಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಬಯಲೆಲ್ಲ ಒಂಟಿ ಚಪ್ಪಲಿಯ ಕುಣಿತ.

ಎಡವಟ್ಟಾದದ್ದು ಸಂಜೆ. ಊರಿನಲ್ಲಿ ಯಾವ ಕುಡುಗೋಲು ಯಾರದೆಂದು ಗುಡ್ಡಮ್ಮ ಹಿಡಿ ನೋಡಿಯೇ ಹೇಳುತ್ತಾಳೆ. ಚಪ್ಪಲಿಯೂ ಹಾಗೇ ಎಂದುಕೊಂಡು ಚೀಟಿ ಗೀಟಿ ಏನೂ ಇಲ್ಲದೆ ಒಂದೇ ಗುಡ್ಡೆ ಹಾಕಿಸಿದ್ದಳು! ಕೆರೆಗೆ ಹಕ್ಕಿಗಳು ಮರಳುವ ಮುಂಚೆ ಮೈಕು ನಿಲ್ಲಿಸಬೇಕೆಂದು ಮಾತಾಗಿತ್ತು; ನಿಂತಿತು. ಜನ ಗುಡ್ಡೆಗೆ ಮುಗಿಬಿದ್ದರು. “ಇದು ನಿಮ್ದಾ?” “ಅಲ್ರೀ, ನಂದು ಕೆಂಪು!” ಗುರುತಿಲ್ಲದವರೆಲ್ಲ ಒಬ್ಬರ ಚಪ್ಪಲಿ ಒಬ್ಬರು ಹುಡುಕಿಕೊಟ್ಟರು. ಹಾಡುಗಾರರು ವೇದಿಕೆಯಿಂದ ಕೆಳಗಿಳಿದು ಬಂದು ಮೈಕಿಲ್ಲದೆ ಮೆಲ್ಲಗೆ ಹಾಡಿದರು. ನನಗಂತೂ ಅದೇ ಆ ದಿನದ ಒಳ್ಳೆಯ ಹಾಡು ಅನ್ನಿಸಿತು.

ಲೋಟವೆಲ್ಲ ಬಂದವು, ಒಂದನ್ನು ಬಿಟ್ಟು. ಚಪ್ಪಲಿಯೂ ಒಂದೇ ಉಳಿದಿತ್ತು: ಬಾರು ಕಿತ್ತು ಪಿನ್ನು ಹಾಕಿದ ಹವಾಯಿ ಚಪ್ಪಲಿ.

“ಯಾವ ಮುಂಡೇದು ಇದು? ಹರಕು ಚಪ್ಪಲಿ ಬಿಟ್ಟು ನನ್ನ ಲೋಟ ಹೊಡ್ಕಂಡು ಹೋಗಿದ್ದು!” ಗುಡ್ಡಮ್ಮನ ಕಣ್ಣಲ್ಲಿ ನೀರೇ ಬಂತು.

ಶಶಿರೇಖಾ ತಾಯಿಯ ಬರಿಗಾಲು ನೋಡಿದಳು. “ಅವ್ವಾ, ಅದು ನಿಂದೇ ಕಣೇ.”

ಅವಳೇ ಮೊದಲು ಕಾಫಿ ಕುಡಿದ ಲೋಟ ಅವಳ ಎಲೆಯಡಿಕೆ ಚೀಲದಲ್ಲಿತ್ತು. ಕುಂಟಲಾರದೆ ತೆಗೆದಿಟ್ಟ ಇನ್ನೊಂದು ಚಪ್ಪಲಿಯೂ ಅಲ್ಲೇ. ಬಯಲಿಡೀ ನಕ್ಕಿತು, ಕೊನೆಗೆ ಅವಳೂ ನಕ್ಕಳು.

ಮರುದಿನ ಮದುವೆಗೆ ಹೇಮಂತನೂ ಬಂದ. ಶಶಿರೇಖಾ ಹಸೆಯ ಮೇಲಿದ್ದಳು, ಲೋಟಗಳು ಪಂಕ್ತಿಯಲ್ಲಿ ಓಡಾಡುತ್ತಿದ್ದವು. ಅವನು ಕಾಫಿಗೆ ಮುಂಚೆ ಎಡಗಾಲಿನ ಚಪ್ಪಲಿಯನ್ನು ಗುಡ್ಡಮ್ಮನ ಮುಂದೆ ಹಿಡಿದ. ಎಲ್ಲರೂ ಗೊಳ್ಳೆಂದರು.

“ಹಾಕ್ಕಳ ಮಾರಾಯ” ಅಂದಳು ಗುಡ್ಡಮ್ಮ. “ಮನೆಯವರ ಹತ್ರ ಎಂತ ಅಡ ಇಸ್ಕಳದು?”

ಸ್ವಂತ ತಂಗಿಯಿಂದಲೂ ಕುಡುಗೋಲು ಇಸಿದುಕೊಂಡವಳ ಬಾಯಲ್ಲಿ ಆ ಮಾತನ್ನು ನಾವು ಕೇಳಿದ್ದು ಅದೇ ಮೊದಲು.