ವಿಯೆನ್ನಾದಲ್ಲಿ ಜರ್ಟ್ರೂಡ್ ಬಾಯಿಯ ಒಂದು ದಿನ

ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯಲ್ಲಿ ನಮ್ಮ ಎದುರು ಫ್ಲ್ಯಾಟಿನ ಶರಲ್‌ಗೆ ಜರ್ಟ್ರೂಡ್ ಬಾಯಿ ಚಿಕ್ಕಮ್ಮನಾಗಬೇಕು. ಶುಕ್ರವಾರ ಚರ್ಚಿನ ಪೂಜೆ ಮುಗಿಸಿ ಅವಳ ಮನೆಗೆ ಬಂದವರು ಊಟವಾದ ಮೇಲೆ ನಮ್ಮಲ್ಲಿಗೂ ಬಂದು ಒಂದು ಲೋಟ ಚಹಾ ಕುಡಿದು ಹೋಗುತ್ತಿದ್ದರು. ಮಂಗಳೂರು ಹತ್ತಿರದ ಕಿನ್ನಿಗೋಳಿ ಕಡೆಯವರು; ಅಲ್ಲಿಯ ಕ್ರೈಸ್ತರು ಹಿರಿಯ ಹೆಂಗಸರನ್ನು ಗೌರವದಿಂದ ಬಾಯಿ ಎನ್ನುತ್ತಾರೆ. ಮದುವೆಯಾಗಲಿಲ್ಲ. ಇಪ್ಪತ್ತೇಳನೇ ವಯಸ್ಸಿಗೆ ದೋಹಾಕ್ಕೆ ಬಂದು ಮದೀನತ್ ಖಲೀಫಾದ ಒಂದು ಕತಾರಿ ಮನೆ ಸೇರಿದವರು ಇಪ್ಪತ್ತೆಂಟು ವರ್ಷ ಅದೇ ಮನೆಯಲ್ಲಿದ್ದರು. ಆ ಮನೆಯ ನಾಲ್ಕು ಮಕ್ಕಳನ್ನು ಸಾಕಿದ್ದು ಅವರೇ. ಕೊನೆಯವಳು ನುಸೈಬಾ. ಹುಟ್ಟಿದ ಮೂರನೇ ದಿನದಿಂದ ಆ ಕೂಸು ಮಲಗಿದ್ದು ಇವರ ಪಕ್ಕದಲ್ಲಿ.

ಆ ಮನೆಯವರು ಬೇಸಿಗೆಯ ಸೆಕೆ ತಪ್ಪಿಸಿಕೊಳ್ಳಲು ವಿಯೆನ್ನಾಕ್ಕೆ ಹೋಗುತ್ತಿದ್ದರು. ಬಾಯಿಯೂ ಒಂಬತ್ತು ಬೇಸಿಗೆ ಹೋಗಿ ಬಂದಿದ್ದರು. ಆದರೆ ವಿಯೆನ್ನಾ ಹೇಗಿದೆ ಎಂದು ನಾನು ಕೇಳಿದಾಗ ಅವರು ಹೇಳಿದ್ದು ಬಾಡಿಗೆ ಮನೆಯ ಅಡುಗೆಕೋಣೆ, ಲಿಫ್ಟು, ಎದುರಿನ ಪಾರ್ಕು, ಹಾಲು ಸಿಗುವ ಅಂಗಡಿ, ಇಷ್ಟೇ. ಮಕ್ಕಳು ಮಲಗುವ ಹೊತ್ತು, ಏಳುವ ಹೊತ್ತುಗಳ ನಡುವೆ ಊರು ನೋಡುವುದೆಲ್ಲಿ ಬಂತು.

ಹೋದ ವರ್ಷ ನುಸೈಬಾಳ ಮದುವೆ ಗೊತ್ತಾಯಿತು. ಅದಕ್ಕೆ ಮೊದಲಿನ ಕೊನೆಯ ಬೇಸಿಗೆ ಅದು. ವಿಯೆನ್ನಾ ಸೇರಿ ಒಂದು ವಾರವಾದ ಮೇಲೆ ಒಂದು ಬೆಳಿಗ್ಗೆ ಅವಳು ಇವರ ಕೈಯಿಂದ ಇಸ್ತ್ರಿಪೆಟ್ಟಿಗೆ ಕಸಿದುಕೊಂಡು, ಇವತ್ತು ನಿನಗೆ ಕೆಲಸ ಖಲಾಸ್, ನಾವಿಬ್ಬರೇ ಊರು ಸುತ್ತುವುದು ಎಂದಳಂತೆ. ಅವಳು ಇವರನ್ನು ಜೆರಿ ಎಂದು ಕರೆಯುತ್ತಿದ್ದಳು. ಇವರಿಗೆ ಅವಳು ಇಪ್ಪತ್ತನಾಲ್ಕು ವರ್ಷದವಳಾದರೂ 'ಪುತಾ', ಕೊಂಕಣಿಯಲ್ಲಿ ಮಗುವನ್ನು ಕರೆಯುವ ಮಾತು.

ಮೊದಲು ಹಳೇ ಪೇಟೆಯನ್ನು ಬಳಸಿ ಹೋಗುವ ಟ್ರಾಮ್ ಹತ್ತಿದರು. ಕಿಟಕಿಯ ಪಕ್ಕ ಕೂರಿಸಿ ನುಸೈಬಾ ಒಂದೊಂದೇ ಕಟ್ಟಡದ ಹೆಸರು ಹೇಳಿದಳು. ಬಾಯಿಗೆ ಹೆಸರು ನೆನಪುಳಿಯಲಿಲ್ಲ. ಆಮೇಲೆ ಅರಮನೆಯ ತೋಟಕ್ಕೆ ಹೋದರು. ಮಂಡಿನೋವಿನಿಂದ ನಿಧಾನಕ್ಕೆ ನಡೆಯುತ್ತಿದ್ದ ಬಾಯಿಗಾಗಿ ಹುಡುಗಿ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಹಿಂದೆ ನಾನು ಅವಳಿಗಾಗಿ ನಿಲ್ಲುತ್ತಿದ್ದೆ ಎಂದು ಹೇಳುವಾಗ ಬಾಯಿ ನಕ್ಕರು.

ಮಧ್ಯಾಹ್ನದ ಮೇಲೆ ಪೇಟೆಯ ನಡುವಿನ ದೊಡ್ಡ ಇಗರ್ಜಿಗೆ, ಅಂದರೆ ಚರ್ಚಿಗೆ, ಬಂದರು. ಅದರ ಮಾಡಿನ ಹೆಂಚು ನಮ್ಮ ಮಂಗಳೂರು ಹೆಂಚಿನಂತೆ ಬರೀ ಕೆಂಪಲ್ಲ. ಹಸಿರು, ಹಳದಿ, ಕಪ್ಪು ಹೆಂಚುಗಳನ್ನು ಚಾಪೆ ಹೆಣೆದಂತೆ ಹೊದಿಸಿದ್ದಾರಂತೆ. ಪಕ್ಕದಲ್ಲಿ ಸಾಲಾಗಿ ಕುದುರೆಗಾಡಿಗಳು. ಒಂದು ಸುತ್ತು ಹೋಗೋಣ ಎಂದು ನುಸೈಬಾ ಕೈ ಎಳೆದಳು. ಬಾಯಿ ಅಲ್ಲೇ ಗೋಡೆಗೆ ಒರಗಿ ನಿಂತುಬಿಟ್ಟರು. ಬಿಸಿಲು ಹೊಡೆಯಿತೇನೋ ಎಂದು ಹುಡುಗಿ ನೀರು ಕೊಟ್ಟಳು. ನೀರು ಕುಡಿದ ಬಾಯಿ, ಇಪ್ಪತ್ತು ವರ್ಷ ಯಾರಿಗೂ ಹೇಳದಿದ್ದುದನ್ನು ಹೇಳಿದರು.

ನುಸೈಬಾಗೆ ಆಗ ನಾಲ್ಕು ವರ್ಷ. ಅವಳ ತಾಯಿ, ಬಾಯಿಯ ಮೇಡಂ, ಅಂಗಡಿಯೊಳಗೆ ಹೋಗಿದ್ದರು. ಬಾಯಿ ಮಗುವಿನೊಡನೆ ಇದೇ ಜಾಗದಲ್ಲಿ ಕಾಯುತ್ತಿದ್ದರು. ಚಪ್ಪಲಿಯ ಪಟ್ಟಿ ಬಿಗಿಯಲು ಬಗ್ಗಿ ಎದ್ದಾಗ ಮಗು ಇರಲಿಲ್ಲ. ಜನವೋ ಜನ. ಅಲ್ಲಿಯ ಭಾಷೆ ಬಾರದು. ಕೈಯಿಂದ ಮಗುವಿನ ಎತ್ತರ ತೋರಿಸಿ ತೋರಿಸಿ ಕಂಡಕಂಡವರನ್ನು ಕೇಳಿದರು. ಇಗರ್ಜಿಯ ಸುತ್ತ ಮೂರು ಸಲ ಓಡಿದರು. ಮುಕ್ಕಾಲು ಗಂಟೆಯ ಮೇಲೆ ಕೊನೆಯ ಕುದುರೆಗಾಡಿಯಲ್ಲಿ ಮಗು ಸಿಕ್ಕಿತು. ಮುದುಕ ಗಾಡಿಯವನು ಅವಳನ್ನು ತನ್ನ ಪಕ್ಕ ಕೂರಿಸಿಕೊಂಡು, ತನ್ನ ಗುಂಡನೆಯ ಕರಿ ಟೋಪಿಯನ್ನು ಅವಳ ತಲೆಗಿಟ್ಟು, ಬಂದ ಗಿರಾಕಿಗಳನ್ನೆಲ್ಲ ವಾಪಸು ಕಳಿಸುತ್ತ ಕಾಯುತ್ತಿದ್ದ. ಮೇಡಂ ಅಂಗಡಿಯಿಂದ ಹೊರಬಂದಾಗ ಮಗು ಬಾಯಿಯ ಸೊಂಟದ ಮೇಲಿತ್ತು. ಬಾಯಿ ಏನೂ ಹೇಳಲಿಲ್ಲ. ಹೇಳಿದ್ದರೆ ಮಾರನೇ ದಿನವೇ ಊರಿಗೆ ಕಳಿಸುತ್ತಿದ್ದರು, ಮಗುವನ್ನು ಮತ್ತೆ ನೋಡಲೂ ಆಗುತ್ತಿರಲಿಲ್ಲ ಎಂಬ ಹೆದರಿಕೆ.



"ಆ ಟೋಪಿ ನನಗೆ ನೆನಪಿದೆ ಜೆರಿ," ಎಂದಳು ನುಸೈಬಾ. "ನಾನು ಅಮ್ಮನನ್ನು ಕೇಳಿದ್ದೆ. ಅಂಥದ್ದೇನೂ ಆಗಿಲ್ಲ ಅಂದಳು. ಆಮೇಲೆ ನಿನ್ನನ್ನೂ ಕೇಳಿದೆ. ನೀನು, ಕನಸು ಕಂಡಿರಬೇಕು ಅಂದೆ."

ಬಾಯಿಗೆ ಅದು ಮರೆತೇಹೋಗಿತ್ತು. ಹುಡುಗಿಗೆ ಆಗ ಆರೋ ಏಳೋ ವರ್ಷ. ರಾತ್ರಿ ತಲೆ ಬಾಚುವಾಗ ಕೇಳಿದ್ದಳು. ಕನಸು ಎಂದು ಇವರು ಹೇಳಿದ್ದು ಹೌದು. ಮೇಡಂಗೆ ಮುಚ್ಚಿಟ್ಟದ್ದಕ್ಕಿಂತ ಈ ಮಾತು ಆ ದಿನ ಅವರಿಗೆ ಹೆಚ್ಚು ಚುಚ್ಚಿತು. "ನನ್ನ ಹೆದರಿಕೆಗೆ ನಿನ್ನ ನೆನಪನ್ನೇ ಸುಳ್ಳು ಮಾಡಿದೆ ಪುತಾ," ಎಂದು ಅವಳ ಕೈ ಹಿಡಿದುಕೊಂಡರು.

ನುಸೈಬಾ ಕೋಪ ಮಾಡಲಿಲ್ಲ. ಇನ್ನೊಂದು ಸಲ ಹೇಳು ಎಂದಳು. ಎಲ್ಲಿ ನಿಂತಿದ್ದೆವು, ಗಾಡಿ ಎಲ್ಲಿತ್ತು, ಕುದುರೆಯ ಬಣ್ಣ ಯಾವುದು, ನಾನು ಅತ್ತಿದ್ದೆನೇ, ಎಲ್ಲ ಕೇಳಿದಳು. ಅತ್ತಿರಲಿಲ್ಲ. ಬಾಯಿಯನ್ನು ಕಂಡ ಮೇಲೂ ಗಾಡಿಯಿಂದ ಇಳಿಯಲು ಒಪ್ಪಿರಲಿಲ್ಲ. ಇದನ್ನು ಕೇಳಿ ಹುಡುಗಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಇಬ್ಬರೂ ಗಾಡಿ ಹತ್ತಿ ಹಳೇ ಪೇಟೆಯ ಓಣಿಗಳಲ್ಲಿ ಒಂದು ಸುತ್ತು ಹೋದರು. ಆ ಊರನ್ನು ಕಣ್ಣುಬಿಟ್ಟು ನೋಡಿದ್ದು ಆ ಅರ್ಧ ಗಂಟೆಯಲ್ಲಿ ಎನ್ನುತ್ತಿದ್ದರು ಬಾಯಿ. ಬಾಲ್ಕನಿಗಳ ಹೂವಿನ ಕುಂಡ, ಬಾಗಿಲುಗಳ ಮೇಲಿನ ಕಲ್ಲಿನ ಮುಖಗಳು, ಕಲ್ಲುಹಾಸಿನ ಮೇಲೆ ಗೊರಸಿನ ಸದ್ದು, ಎಲ್ಲವನ್ನೂ ನನಗೆ ಬಿಡಿಸಿ ಹೇಳಿದ್ದಾರೆ. ಇಗರ್ಜಿಯೊಳಗೆ ಹೋಗಿ ಆ ಗಾಡಿಯವನ ಹೆಸರಲ್ಲಿ ಒಂದು ಮೇಣದಬತ್ತಿ ಹಚ್ಚಿದರು. ಅವನ ಹೆಸರೇ ಗೊತ್ತಿರಲಿಲ್ಲವಾದ್ದರಿಂದ, ಮಗುವನ್ನು ಕಾಯ್ದವನಿಗೆ ಎಂದಷ್ಟೇ ಬೇಡಿಕೊಂಡರು.

ಮೇಡಂಗೆ ನಾನೇ ಹೇಳುತ್ತೇನೆ, ನೀನು ನಡುವೆ ಬರಬೇಡ ಎಂದು ಹುಡುಗಿಯಿಂದ ಮಾತು ತೆಗೆದುಕೊಂಡರು. ಆದರೂ ದೋಹಾಕ್ಕೆ ಮರಳಿದ ಮೇಲೆ ಧೈರ್ಯ ಬರಲು ಹತ್ತು ದಿನ ಬೇಕಾಯಿತು. ಒಂದು ಬೆಳಿಗ್ಗೆ ಅಡುಗೆಕೋಣೆಯಲ್ಲಿ ಮೇಡಂ ಒಬ್ಬರೇ ಖರ್ಜೂರದ ಬೀಜ ಬಿಡಿಸುತ್ತಿದ್ದಾಗ ಎಲ್ಲವನ್ನೂ ಹೇಳಿದರು. ಮೇಡಂ ಖರ್ಜೂರವನ್ನು ಅಲ್ಲೇ ಬಿಟ್ಟು ಎದ್ದು ಹೋದರು. ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಮದುವೆ ಮನೆಯಲ್ಲಿ ತನಗೆ ಜಾಗ ಇಲ್ಲವೇನೋ ಎಂದುಕೊಂಡರು ಬಾಯಿ. ಸೂಟ್‌ಕೇಸನ್ನು ಕೆಳಗಿಳಿಸಿ ಒರೆಸಿಯೂ ಇಟ್ಟರು.

ಮೂರನೇ ದಿನ ಮೇಡಂ ತಾವೇ ಇವರ ಕೋಣೆಗೆ ಬಂದು ಮಂಚದ ಮೇಲೆ ಕೂತರು. ಅಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ಅವರು ಕೂತದ್ದು ಅದೇ ಮೊದಲು.

"ಅಷ್ಟು ಹೊತ್ತೂ ನೀನೊಬ್ಬಳೇ ಓಡಿದೆಯಾ?" ಎಂದು ಕೇಳಿದರು.

ಬಾಯಿ ಹೌದೆಂದರು. ಮೇಡಂ ಅವರನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು.